ಹಾಬಿಟನ್, ಮಟಮಟ: ಮೂರು ತಿಂಗಳ ಸೆಟ್ಟನ್ನು ಉಳಿಸಿಕೊಂಡ ಬಗೆ

ನ್ಯೂಜಿಲೆಂಡಿನ ಮಟಮಟ ಊರಿನ ಹೊರಗೆ, ಹಾಬಿಟ್ ಎಂಬ ಗಿಡ್ಡ ಜನರ ಊರೆಂದು ಸಿನಿಮಾಗಾಗಿ ಕಟ್ಟಿರುವ ಹಾಬಿಟನ್‌ಗೆ ಹೋಗುವವರು ಒಂದು ಮಾತು ಮೊದಲೇ ತಿಳಿದಿರಬೇಕು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗಾಗಿ 1999ರಲ್ಲಿ ಕಟ್ಟಿದ ಸೆಟ್ಟನ್ನೇ ನೀವು ನೋಡುವುದಿಲ್ಲ. ಅದೇ ಗುಡ್ಡದ ಮೇಲೆ 2009ರಿಂದ ಎರಡು ವರ್ಷ ಹಿಡಿದು ಮರಳಿ ಕಟ್ಟಿದ್ದನ್ನು ನೋಡುತ್ತೀರಿ. ಇದರಲ್ಲಿ ಮೋಸವೇನೂ ಇಲ್ಲ, ಬೇರೆ ದಾರಿಯೇ ಇರಲಿಲ್ಲ.

ಮೊದಲ ಸೆಟ್ಟಿನ 39 ಬಿಲಮನೆಗಳನ್ನು, ಅಂದರೆ ದಿಣ್ಣೆ ಕೊರೆದಂತೆ ಕಾಣುವ ಹಾಬಿಟ್‌ಗಳ ಮನೆಗಳನ್ನು, ಔಷಧಿ ಹಾಕದ ಮರ, ಪ್ಲೈವುಡ್, ಥರ್ಮಾಕೋಲಿನಿಂದ ಮಾಡಿದ್ದರು. ಶೂಟಿಂಗ್ ಇದ್ದದ್ದು ಮೂರೇ ತಿಂಗಳು, ಅಷ್ಟಕ್ಕೆ ಅದು ಧಾರಾಳ. ಆದರೆ ದಿಣ್ಣೆಯೊಳಗೆ ಹುದುಗಿದ ಗೋಡೆಗೆ ಮೂರು ಕಡೆಯಿಂದಲೂ ಮಣ್ಣಿನ ತೇವ. ಮರ ಬುಡದಿಂದ ಕೊಳೆಯುತ್ತದೆ, ಪ್ಲೈವುಡ್ ಪದರ ಬಿಡುತ್ತದೆ. ಬಣ್ಣ ಹೋದಲ್ಲಿ ಥರ್ಮಾಕೋಲ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ. ಶೂಟಿಂಗ್ ಮುಗಿದ ಮೇಲೆ ಎಲ್ಲವನ್ನೂ ಕಿತ್ತುಹಾಕಲು ಶುರುಮಾಡಿದ್ದರು. ಮಳೆ ಬಂದು ಕೆಲಸ ನಿಂತಿತು, 17 ಬಿಲಗಳ ಬರೀ ಮುಂಭಾಗ ಉಳಿಯಿತು. ಆ ಬೋಳು ಪ್ಲೈವುಡ್ಡನ್ನು ನೋಡಲೂ 2002ರಿಂದ ಜನ ಬರತೊಡಗಿದರು. ಜಾಗದ ಬೆಲೆ ಗೊತ್ತಾದದ್ದು ಆಗಲೇ.

‘ಹಾಬಿಟ್’ ಚಿತ್ರಗಳಿಗಾಗಿ ಮತ್ತೆ ಕಟ್ಟುವಾಗ ಬಾಳಿಕೆಯ ಸಾಮಗ್ರಿಯನ್ನೇ ಬಳಸಿದರು. ಈಗ 12 ಎಕರೆಯಲ್ಲಿ 44 ಬಿಲಮನೆಗಳಿವೆ. ಬಾಗಿಲುಗಳ ಅಳತೆ ಒಂದೇ ಇಲ್ಲ, ಗಮನಿಸಿ. ಚಿಕ್ಕ ಬಾಗಿಲಿನ ಮುಂದೆ ಕಥೆಯ ಮಂತ್ರವಾದಿ ದೈತ್ಯನಾಗಿ ಕಾಣುತ್ತಾನೆ, ದೊಡ್ಡದರ ಮುಂದೆ ಹಾಬಿಟ್ ಗಿಡ್ಡನಾಗುತ್ತಾನೆ. ಮರಳಿ ಕಟ್ಟುವಾಗ ಈ ಅಳತೆಗಳನ್ನು ಸರಿಪಡಿಸಲು ಹೋಗದೆ ಹಾಗೇ ಬಿಟ್ಟದ್ದು ನಿಜವಾದ ಸಂರಕ್ಷಣೆ.

ಅತ್ಯಂತ ಸ್ವಾರಸ್ಯದ ವಸ್ತು ಕಥಾನಾಯಕ ಹಾಬಿಟ್‌ನ ಬ್ಯಾಗ್ ಎಂಡ್ ಮನೆಯ ನೆತ್ತಿಯ ಮೇಲಿನ ಓಕ್ ಮರ. ಮೊದಲ ಸಲ ನಿಜವಾದ ಮರವನ್ನೇ ಕಡಿದು ತಂದು, ಕೊಂಬೆಗಳನ್ನು ಬೋಲ್ಟ್ ಹಾಕಿ ಜೋಡಿಸಿ, ತೈವಾನಿನಿಂದ ತರಿಸಿದ ಕೃತಕ ಎಲೆಗಳನ್ನು ತಂತಿಯಲ್ಲಿ ಕಟ್ಟಿದ್ದರು. ‘ಹಾಬಿಟ್’ ಕಥೆ ನಡೆಯುವುದು ಮೊದಲ ಚಿತ್ರಗಳ ಕಥೆಗಿಂತ 60 ವರ್ಷ ಹಿಂದೆ, ಹಾಗಾಗಿ ಮರವೂ ಎಳೆಯದಾಗಿರಬೇಕಲ್ಲ! ಉಕ್ಕು ಮತ್ತು ಸಿಲಿಕೋನಿನಲ್ಲಿ ಚಿಕ್ಕ ಮರವನ್ನು ಮಾಡಿದರು. ಅದು ಒಣಗುವುದಿಲ್ಲ, ಬೆಳೆಯುವುದೂ ಇಲ್ಲ. ಕೆರೆಯ ಪಕ್ಕದ ದೊಡ್ಡ ಪೈನ್ ಮರ ಮಾತ್ರ ಅಸಲಿ, ಸೆಟ್ಟಿಗಿಂತ ಮೊದಲಿನಿಂದಲೂ ಅಲ್ಲೇ ಇದೆ. ಎರಡನ್ನೂ ನೋಡಿ ಹೋಲಿಸಿಕೊಳ್ಳಿ.

ಕೊರತೆಗಳೂ ಇವೆ. ಮಾರ್ಗದರ್ಶಿ ಜೊತೆಗೆ ಗುಂಪಿನಲ್ಲೇ ನಡೆಯಬೇಕು, ನಿಮಗೆ ಬೇಕಾದಲ್ಲಿ ನಿಲ್ಲಲಾಗದು. ಹುಲ್ಲುದಾರಿಗಳನ್ನು ತುಳಿದು ಹಾಳುಮಾಡದಂತೆ ಇದು ಅಗತ್ಯವೇ, ಆದರೂ ಹಿಂದಿನ ಗುಂಪು ಬಂದುಬಿಡುವ ಅವಸರ ತಪ್ಪದು. ಹೆಚ್ಚಿನ ಬಾಗಿಲುಗಳ ಹಿಂದೆ ಏನೂ ಇಲ್ಲ, ಒಳಾಂಗಣದ ದೃಶ್ಯಗಳನ್ನು ವೆಲಿಂಗ್ಟನ್ನಿನ ಸ್ಟುಡಿಯೋದಲ್ಲಿ ತೆಗೆದಿದ್ದರು. ಈ ಬೇಸರ ನೀಗಿಸಲೆಂದೇ 2023ರ ಡಿಸೆಂಬರಿನಲ್ಲಿ ಬ್ಯಾಗ್‌ಶಾಟ್ ರೋ ಸಾಲಿನಲ್ಲಿ ಎರಡು ಮನೆಗಳ ಒಳಭಾಗವನ್ನು ಪೂರ್ತಿ ಸಜ್ಜುಗೊಳಿಸಿ ತೆರೆದರು. ಇವು ಸಿನಿಮಾದಲ್ಲಿ ಬಂದವಲ್ಲ, ಪ್ರವಾಸಿಗರಿಗಾಗಿಯೇ ಮಾಡಿದವು. ಆದರೂ ಮರಗೆಲಸ ತುಂಬ ಅಚ್ಚುಕಟ್ಟು, ಮಕ್ಕಳಿಗೆ ಇಲ್ಲಿಂದ ಹೊರಡಲು ಮನಸ್ಸಾಗುವುದಿಲ್ಲ.

ಆಕ್ಲೆಂಡಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಪ್ರವಾಸ ಹೊರಡುವ ತಾಣವಾದ ಶೈರ್ಸ್ ರೆಸ್ಟ್‌ನಲ್ಲಿ ಕಾರು ನಿಲ್ಲಿಸಿ ಅವರದೇ ಬಸ್ಸಿನಲ್ಲಿ ಒಳಗೆ ಹೋಗಬೇಕು. ಟಿಕೆಟ್ಟಿನಲ್ಲಿ ಹೊತ್ತು ನಮೂದಾಗಿರುತ್ತದೆ, ಮುಂಗಡವಾಗಿ ಕಾಯ್ದಿರಿಸಿ. ಡಿಸೆಂಬರಿನಿಂದ ಫೆಬ್ರವರಿ ಅಲ್ಲಿ ಬೇಸಿಗೆ, ತೋಟಗಳು ಹೂಬಿಟ್ಟಿರುತ್ತವೆ, ಜನವೂ ಹೆಚ್ಚು. ಬೆಳಗಿನ ಮೊದಲ ಸರದಿ ಹಿಡಿದರೆ ಫೋಟೋಗಳಲ್ಲಿ ಬೇರೆಯವರ ಬೆನ್ನು ಕಡಿಮೆ. ಏರಿಳಿತದ ದಾರಿ, ಮಳೆ ಯಾವಾಗ ಬೇಕಾದರೂ ಬಂದೀತು. ಜಾರದ ಬೂಟು ಹಾಕಿಕೊಳ್ಳಿ. ಕೊನೆಗೆ ಗ್ರೀನ್ ಡ್ರ್ಯಾಗನ್ ಛತ್ರದಲ್ಲಿ ಒಂದು ಪಾನೀಯ ಟಿಕೆಟ್ಟಿನಲ್ಲೇ ಸೇರಿದೆ. ಮದ್ಯ ಬೇಡವೆಂದರೆ ಶುಂಠಿಯ ಜಿಂಜರ್ ಬಿಯರ್ ಕೇಳಿ, ಅದರಲ್ಲಿ ಆಲ್ಕೋಹಾಲ್ ಇಲ್ಲ. ಲೋಟ ಹಿಡಿದು ಹೊರಗೆ ಬಂದು ಛತ್ರದ ಮಾಡನ್ನೊಮ್ಮೆ ನೋಡಿ. ಅದಕ್ಕೆ ಹೊದಿಸಿದ ಜೊಂಡುಹುಲ್ಲು ಈ ಸೆಟ್ಟಿರುವ ಹೊಲದಲ್ಲೇ ಕೊಯ್ದದ್ದು.