ಡಿಸ್ಕ್ ತುಂಬಿದಾಗ: ಪ್ರಾಕ್ಸ್‌ಮಾಕ್ಸ್‌ನಲ್ಲಿ ನಾನು ಮಾಡಿ ನೋಡಿದ ಮೂರು ದಾರಿ

ಮಾರ್ಚ್ ಕೊನೆಯ ವಾರ. ನಾನು ಸರ್ವರ್ ನೋಡಿಕೊಳ್ಳುವ ಒಂದು ಆಡಿಟರ್ ಆಫೀಸಿನಿಂದ ಬೆಳಿಗ್ಗೆ ಒಂಬತ್ತಕ್ಕೇ ಫೋನು. "ಸಾರ್, ಟ್ಯಾಲಿ ಓಪನ್ನೇ ಆಗ್ತಿಲ್ಲ." ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವಿಎಂ, ಅಂದ್ರೆ ವರ್ಚುವಲ್ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ತೆರೆದರೆ ಐದು ವಿಎಂಗಳಲ್ಲಿ ಮೂರು 'ಐಒ-ಎರರ್' (ಡಿಸ್ಕ್‌ಗೆ ಬರೆಯಲು ಆಗುತ್ತಿಲ್ಲ) ಅಂತ ನಿಂತಿದ್ದವು. ತಮಾಷೆ ಅಂದ್ರೆ, ಹಿಂದಿನ ದಿನ ಆ ವಿಎಂ ಒಳಗೆ ನೋಡಿದಾಗ 30 ಜಿಬಿ ಖಾಲಿ ಇತ್ತು.

ಅಲ್ಲಿದ್ದದ್ದು ಎಲ್‌ವಿಎಂ-ಥಿನ್: ವಿಎಂಗೆ ಜಾಗ ಮೊದಲೇ ಕಾದಿರಿಸದೆ, ಎಲ್ಲರೂ ಹಂಚಿಕೊಳ್ಳುವ ಒಂದು ಪೂಲ್‌ನಿಂದ ಬರೆದಷ್ಟೇ ಕೊಡುವ ವ್ಯವಸ್ಥೆ. ಪ್ರಾಕ್ಸ್‌ಮಾಕ್ಸ್ ಹಾಕುವಾಗ ಬೇರೇನೂ ಆರಿಸದಿದ್ದರೆ ಬರುವುದು ಇದೇ. 480 ಜಿಬಿ ಎಸ್‌ಎಸ್‌ಡಿಯಲ್ಲಿ ರೂಟ್, ಸ್ವಾಪ್ ಎಲ್ಲ ಹೋಗಿ ಪೂಲ್‌ಗೆ ಸುಮಾರು 320 ಜಿಬಿ ಉಳಿದಿತ್ತು. ನಾನು ಕೊಟ್ಟಿದ್ದು ತಲಾ 100 ಜಿಬಿಯ ಐದು ವಿಎಂ. ಐನೂರು ಜನಕ್ಕೆ ಮದುವೆ ಕಾಗದ ಹಂಚಿ ಮುನ್ನೂರಿಪ್ಪತ್ತು ಎಲೆ ತಂದಿಟ್ಟ ಹಾಗೆ. ಎಲ್ಲರೂ ಬರಲ್ಲ ಅನ್ನೋ ಧೈರ್ಯ. ಮಾರ್ಚ್‌ನಲ್ಲಿ ಎಲ್ಲರೂ ಬಂದರು.

ಹಿಗ್ಗಿಸೋದು ಮಾತ್ರ ಇದರಲ್ಲಿ ಎಷ್ಟು ಸುಲಭ ಅಂದ್ರೆ ನಾಚಿಕೆಯಾಗುತ್ತದೆ. ಖಾಲಿ ಸ್ಲಾಟ್‌ಗೆ 960 ಜಿಬಿ ಎಸ್‌ಎಸ್‌ಡಿ ತಳ್ಳಿದೆ. ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್, ಎಲ್‌ವಿಎಕ್ಸ್‌ಟೆಂಡ್, ಮೂರೇ ಕಮಾಂಡು. ಸರ್ವರ್ ಆಫ್ ಮಾಡಲಿಲ್ಲ. ನಿಂತಿದ್ದ ವಿಎಂಗಳಿಗೆ ರೆಸ್ಯೂಮ್ ಕೊಟ್ಟೆ, ಎದ್ದವು. ಆಫೀಸಿನವರು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆದರೆ ಆ ಖುಷಿಯಲ್ಲಿ ನಾನು ಎರಡು ವಿಷಯ ನೋಡಲೇ ಇಲ್ಲ. ಒಂದು, ಈಗ ಪೂಲ್ ಎರಡು ಡಿಸ್ಕ್ ಮೇಲೆ ಹರಡಿದೆ, ಎರಡಕ್ಕೂ ಜೋಡಿ ಇಲ್ಲ. ಯಾವುದೇ ಒಂದು ಹೋದರೂ ಪೂಲೇ ಹೋಗುತ್ತದೆ. ಜಾಗದ ಜೊತೆ ಅಪಾಯವನ್ನೂ ದುಡ್ಡು ಕೊಟ್ಟು ತಂದ ಹಾಗಾಯಿತು. ಇನ್ನೊಂದು ಮೆಟಾಡೇಟಾ, ಅಂದ್ರೆ ಯಾವ ಡೇಟಾ ಪೂಲ್‌ನಲ್ಲಿ ಎಲ್ಲಿದೆ ಅನ್ನೋ ಲೆಕ್ಕ. ಎಲ್‌ವಿಎಸ್ ಕಮಾಂಡು ಕೊಟ್ಟರೆ ಡೇಟಾ ಶೇಕಡ ಪಕ್ಕದಲ್ಲೇ ಮೆಟಾ ಶೇಕಡ ಅಂತ ಇನ್ನೊಂದು ಕಾಲಂ ಬರುತ್ತದೆ. ಯಾರೂ ಅದನ್ನು ನೋಡಲ್ಲ. ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್ ಸ್ಥಿತಿಯ ದಾಖಲೆ) ಜಾಸ್ತಿ ಇಟ್ಟುಕೊಂಡರೆ ಅದು ಮೊದಲು ತುಂಬಬಹುದು, ತುಂಬಿದರೆ ಪೂಲನ್ನೇ ರಿಪೇರಿ ಮಾಡಬೇಕು. ಆ ರಿಪೇರಿಗೂ ವಾಲ್ಯೂಮ್ ಗ್ರೂಪ್‌ನಲ್ಲಿ (ಪೂಲ್ ಕೂತಿರುವ ಡಿಸ್ಕ್‌ಗಳ ಗುಂಪು) ಸ್ವಲ್ಪ ಖಾಲಿ ಜಾಗ ಬೇಕು. ಅದಕ್ಕೇ ಹೊಸ ಡಿಸ್ಕ್ ಬಂತು ಅಂತ ನೂರಕ್ಕೆ ನೂರೂ ಬಳಿದು ಪೂಲ್‌ಗೆ ಸುರಿಯಬೇಡಿ.

ಇನ್ನೊಂದು ಸಣ್ಣ ಮಾತು. ವಿಎಂ ಒಳಗೆ ಫೈಲ್ ಅಳಿಸಿದ ಮಾತ್ರಕ್ಕೆ ಪೂಲ್‌ನಲ್ಲಿ ಜಾಗ ಬಿಡುಗಡೆ ಆಗಲ್ಲ. ಡಿಸ್ಕ್ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ಆನ್ ಇರಬೇಕು, ಲಿನಕ್ಸ್ ಒಳಗೆ ಎಫ್‌ಎಸ್‌ಟ್ರಿಮ್ (ಖಾಲಿಯಾದ ಜಾಗ ಯಾವುದು ಅಂತ ಕೆಳಗೆ ತಿಳಿಸುವ ಕಮಾಂಡು) ಓಡಬೇಕು. ಒಮ್ಮೊಮ್ಮೆ ಹೊಸ ಡಿಸ್ಕ್ ಬೇಕೇ ಆಗಲ್ಲ, ಇಷ್ಟು ಮಾಡಿದರೆ ಸಾಕು.

ಎರಡನೇ ದಾರಿ ನಮ್ಮ ಮನೆಯ ಹಳೇ ಪಿಸಿಯಲ್ಲಿ ನೋಡಿದ್ದು: ಹೊಸ ಡಿಸ್ಕ್‌ಗೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಹಾಕಿ, ಮೌಂಟ್ ಮಾಡಿ (ಒಂದು ಫೋಲ್ಡರ್‌ಗೆ ಜೋಡಿಸಿ), ಡೈರೆಕ್ಟರಿ ಅಂತ ಸೇರಿಸಿ, ಅದರಲ್ಲಿ ಕ್ಯೂಕೌ2 ಫೈಲ್ ಇಡೋದು. ವಿಎಂ ಡಿಸ್ಕ್ ಅಂದ್ರೆ ಬರೀ ಒಂದು ಫೈಲು, ಬೇಕಾದ ಕಡೆ ಕಾಪಿ ಮಾಡಬಹುದು. ಹಳೇ ಡಿಸ್ಕ್‌ನ ತಂಟೆಗೇ ಹೋಗಲ್ಲ. ಕಲಿಯುವವರಿಗೆ ಇದೇ ಒಳ್ಳೆಯದು ಅಂತ ಹೇಳುತ್ತಿದ್ದೆ, ಒಂದು ರೀಬೂಟ್ ಆಗುವ ತನಕ.

ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿ) ನಾನು ಡಿಸ್ಕ್ ಹೆಸರನ್ನು ಎಸ್‌ಡಿಬಿ ಅಂತ ಬರೆದಿದ್ದೆ. ಯುಎಸ್‌ಬಿ ಡ್ರೈವ್ ಒಂದು ಚುಚ್ಚಿಕೊಂಡಿತ್ತು, ರೀಬೂಟ್ ಆದಾಗ ಅದೇ ಎಸ್‌ಡಿಬಿ ಆಯಿತು, ನನ್ನ ಡಿಸ್ಕ್ ಎಸ್‌ಡಿಸಿ ಆಯಿತು. 'ನೋಫೇಲ್' ಹಾಕಿದ್ದರಿಂದ ಮೌಂಟ್ ಆಗದಿದ್ದರೂ ಯಂತ್ರ ಸುಮ್ನೆ ಎದ್ದಿತು. ರಾತ್ರಿ ಬ್ಯಾಕಪ್ ಬಂದು ಅದೇ ಹೆಸರಿನ ಖಾಲಿ ಫೋಲ್ಡರ್‌ಗೆ, ಅಂದ್ರೆ ರೂಟ್ ಪಾರ್ಟಿಷನ್‌ಗೆ ಬರೆದುಕೊಂಡು ಹೋಯಿತು. ಬೆಳಿಗ್ಗೆ ವೆಬ್ ಪುಟಕ್ಕೆ ಲಾಗಿನ್ನೇ ಆಗಲಿಲ್ಲ. ಮುಂದಿನದು ಇನ್ನೂ ಚೆಂದ: ಡಿಸ್ಕ್ ಮತ್ತೆ ಮೌಂಟ್ ಮಾಡಿದ ಮೇಲೆ ರೂಟ್ ತುಂಬಿರುವುದು ಕಾಣುತ್ತದೆ, ತುಂಬಿಸಿದ ಫೈಲು ಕಾಣಲ್ಲ. ಅವು ಮೌಂಟ್‌ನ ಕೆಳಗೆ ಅಡಗಿರುತ್ತವೆ. ಅನ್‌ಮೌಂಟ್ ಮಾಡಿ ಹುಡುಕಬೇಕು ಅಂತ ಹೊಳೆಯಲು ನನಗೆ ಎರಡು ಗಂಟೆ ಬೇಕಾಯಿತು. ಈಗ ಹೆಸರಿನ ಬದಲು ಯುಯುಐಡಿ (ರೀಬೂಟ್ ಆದರೂ ಬದಲಾಗದ ಗುರುತು) ಬರೆಯುತ್ತೇನೆ, ಸ್ಟೋರೇಜ್‌ಗೆ 'ಈಸ್_ಮೌಂಟ್‌ಪಾಯಿಂಟ್' ಕೊಡುತ್ತೇನೆ. ಮೌಂಟ್ ಆಗದಿದ್ದರೆ ಆಗ ಪ್ರಾಕ್ಸ್‌ಮಾಕ್ಸ್ ಬರೆಯುವುದೇ ಇಲ್ಲ.

ಮೂರನೆಯದು ಝಡ್‌ಎಫ್‌ಎಸ್, ಡಿಸ್ಕ್‌ಗಳ ಪೂಲನ್ನೂ ಫೈಲ್‌ಸಿಸ್ಟಮ್ಮನ್ನೂ ಒಟ್ಟಿಗೇ ನೋಡಿಕೊಳ್ಳುವ ವ್ಯವಸ್ಥೆ. ಶುರುವಿನಲ್ಲಿ ಖರ್ಚು ಜಾಸ್ತಿ, ಯಾಕಂದ್ರೆ ಮಿರರ್‌ಗೆ (ಒಂದೇ ಡೇಟಾ ಎರಡು ಡಿಸ್ಕ್‌ನಲ್ಲೂ ಇಡೋದು) ಡಿಸ್ಕ್ ಜೋಡಿಯಲ್ಲೇ ತರಬೇಕು. ರ‍್ಯಾಮ್ ತಿನ್ನುತ್ತದೆ. ಶೇ. 80 ದಾಟಿದರೆ ನಿಧಾನ ಆಗುತ್ತಾ ಹೋಗುತ್ತದೆ. ಆದರೂ ಹಿಗ್ಗಿಸುವಾಗ ಕೈ ನಡುಗದೆ ಇದ್ದದ್ದು ಇದರಲ್ಲೇ. ಇನ್ನೊಂದು ಜೋಡಿ ಸೇರಿಸಬಹುದು, ಇಲ್ಲವೇ ಒಂದೊಂದೇ ಡಿಸ್ಕ್ ತೆಗೆದು ದೊಡ್ಡದು ಹಾಕಿ, ರೀಸಿಲ್ವರ್ (ಹೊಸ ಡಿಸ್ಕ್‌ಗೆ ಡೇಟಾ ತುಂಬಿಕೊಳ್ಳುವುದು) ಮುಗಿಯುವ ತನಕ ಕಾದು, 'ಆಟೋಎಕ್ಸ್‌ಪ್ಯಾಂಡ್' ಆನ್ ಮಾಡಬಹುದು. 'ಮಿರರ್' ಅನ್ನೋ ಪದ ಮರೆತು ಒಂಟಿ ಡಿಸ್ಕ್ ಸೇರಿಸಲು ಹೋದರೆ ಅದೇ ತಡೆಯುತ್ತದೆ. ಆ ಎಚ್ಚರಿಕೆಗೆ ಸಿಟ್ಟು ಬಂದು '-ಎಫ್' ಹಾಕಬಾರದು, ಅಷ್ಟೇ. ರೈಡ್‌ಝಡ್ (ಡಿಸ್ಕ್ ಹೋದರೂ ಡೇಟಾ ಉಳಿಸುವ, ಜೋಡಿ ಬೇಡದ ಇನ್ನೊಂದು ವಿಧ) ಪೂಲ್‌ಗೆ ಒಂದೇ ಡಿಸ್ಕ್ ಸೇರಿಸಿ ಅಗಲ ಮಾಡುವ ಅನುಕೂಲ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ, 2025ರ ಜನವರಿಯಲ್ಲಷ್ಟೇ ಬಂತು. ವಿಎಂಗಳಿಗೆ ನಾನು ಇನ್ನೂ ಮಿರರ್‌ನಲ್ಲೇ ಇದ್ದೇನೆ.

ಏಪ್ರಿಲ್‌ನಲ್ಲಿ ಆಡಿಟರ್ ಆಫೀಸನ್ನೂ ಮಿರರ್‌ಗೆ ಸಾಗಿಸಿದೆ. ಹೊಸ 960 ಜಿಬಿಗೆ ಅಂಥದ್ದೇ ಇನ್ನೊಂದು ತಂದು ಜೋಡಿ ಮಾಡಿದೆ. ಎಲ್‌ವಿಎಂ-ಥಿನ್ ಈಗ ನನ್ನ ಮನೆಯಲ್ಲಿ, ಪ್ರಯೋಗದ ವಿಎಂಗಳಿಗೆ ಮಾತ್ರ. ಡೈರೆಕ್ಟರಿ ಬ್ಯಾಕಪ್‌ಗೆ.

ಮೂರರಲ್ಲಿ ಯಾವುದೇ ಆದರೂ ಕೊನೇ ಗಲಾಟೆ ವಿಎಂ ಒಳಗೆ. ಲಿನಕ್ಸ್ ಆದರೆ ಗ್ರೋಪಾರ್ಟ್, ಆಮೇಲೆ ಪಿವಿರಿಸೈಜ್, ಎಲ್‌ವಿಎಕ್ಸ್‌ಟೆಂಡ್, ಕೊನೆಗೆ ಫೈಲ್‌ಸಿಸ್ಟಂ. ವಿಂಡೋಸ್‌ನಲ್ಲಿ ಸಿ ಡ್ರೈವ್‌ನ 'ಎಕ್ಸ್‌ಟೆಂಡ್' ಮಂಕಾಗಿ ಕೂತಿದ್ದರೆ ಮಧ್ಯೆ ರಿಕವರಿ ಪಾರ್ಟಿಷನ್ ಅಡ್ಡ ಇದೆ ಅಂತಲೇ ಲೆಕ್ಕ. ಮತ್ತೆ, ಪ್ರಾಕ್ಸ್‌ಮಾಕ್ಸ್ ಪುಟದಲ್ಲಿ ಕೇಳುವುದು ಎಷ್ಟು ಸೇರಿಸಬೇಕು ಅಂತ, ಒಟ್ಟು ಎಷ್ಟಾಗಬೇಕು ಅಂತಲ್ಲ. 100 ಇದ್ದದ್ದನ್ನು 150 ಮಾಡಲು ನಾನು 150 ಅಂತಲೇ ಬರೆದೆ. ಕಡಿಮೆ ಮಾಡುವ ಬಟನ್ ಅಲ್ಲಿ ಇಲ್ಲ. ಆ ವಿಎಂ ಇವತ್ತಿಗೂ 250 ಜಿಬಿಯಲ್ಲೇ ಓಡುತ್ತಿದೆ.