ಕೊಂಕಣದಲ್ಲಿ ಫೆರಿ ಬಂದ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಬೈಕನ್ನು ಸಣ್ಣ ದೋಣಿಗೆ ಹತ್ತಿಸಲೇಬೇಡಿ

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಅಂಬೋಲಿ ಘಾಟ್ ಇಳಿದು, ಸಮುದ್ರದ ಪಕ್ಕದ ರಸ್ತೆಯಲ್ಲೇ ಅಲಿಬಾಗ್ ತನಕ ಬೈಕಲ್ಲಿ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆ ದಾರಿಯಲ್ಲಿ ನದಿ ಸಮುದ್ರ ಸೇರುವ ಕಡೆಗಳಲ್ಲಿ ಗಾಡಿ, ಜನ ಎಲ್ಲ ದಾಟಿಸುವ ಫೆರಿ ಹತ್ತಬೇಕು ಅಂತ ನಿಮಗೆ ಗೊತ್ತೇ ಇರುತ್ತದೆ. ಜಯಗಡದಿಂದ ತವಸಾಳ, ಧೋಪಾವೆಯಿಂದ ದಾಭೋಳ, ವೇಸವಿಯಿಂದ ಬಾಗಮಂಡಲ, ದಿಘಿಯಿಂದ ಆಗರದಾಂಡಾ. ಇವುಗಳಲ್ಲಿ ಒಂದು ಕಡೆ ನಮಗೆ ಮೋಸ ಆಯಿತು. ಯಾವ ಊರು ಅಂತ ಬರೆಯುವುದಿಲ್ಲ. ಆಮೇಲೆ ನಮ್ಮನ್ನು ಕೂರಿಸಿ ನೀರು ಕೊಟ್ಟವರೂ ಅದೇ ಊರಿನವರು, ಒಬ್ಬ ಕಳ್ಳನಿಂದ ಅವರ ಹೆಸರು ಕೆಡುವುದು ಬೇಡ.

ನಾನು ಮತ್ತು ನನ್ನ ತಮ್ಮ, ಒಂದೇ ಬುಲೆಟ್, ಹಿಂದೆ ಎರಡು ಬ್ಯಾಗು. ಫೆರಿ ಬಂದು ನಿಲ್ಲುವ ಧಕ್ಕೆಗೆ ಇನ್ನೂ ಸ್ವಲ್ಪ ದೂರ ಇತ್ತು. ತಿರುವಿನಲ್ಲಿ ಸ್ಕೂಟರಿನವನೊಬ್ಬ ಕೈ ಅಡ್ಡ ಹಿಡಿದ. ನಮ್ಮ ಕೆಎ ನಂಬರ್ ಪ್ಲೇಟ್ ನೋಡಿಯೇ ನಿಲ್ಲಿಸಿದ್ದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. "ಫೆರಿಗಾ ದಾದಾ? ಇವತ್ತು ಬಂದ್. ಎಂಜಿನ್ ಕೆಲಸ ನಡೀತಿದೆ. ವಾಪಸ್ ಒಳಗೆ ಹೋಗಿ 66ನೇ ಹೆದ್ದಾರಿ ಹಿಡಿದರೆ ನಿಮಗೆ ರಾತ್ರಿ ಆಗುತ್ತದೆ." ಎಷ್ಟು ಸಹಜವಾಗಿ ಹೇಳಿದ ಅಂದರೆ, ನಮ್ಮ ಬಗ್ಗೆ ಕಾಳಜಿ ಇರುವವನ ಹಾಗೆ. ತನ್ನ ಅಣ್ಣನ ದೋಣಿ ಇದೆ, ದಿನಾ ಬೈಕ್ ದಾಟಿಸುತ್ತಾರೆ, 500 ಕೊಡಿ ಸಾಕು ಅಂದ. ಫೋನಿನಲ್ಲಿ ಹಾಕುತ್ತೇನೆ ಅಂದರೆ ಇಲ್ಲಿ ನೆಟ್‌ವರ್ಕ್ ಬರಲ್ಲ, ಕ್ಯಾಶ್ ಕೊಡಿ ಅಂದ. ಅದೇ ಜಾಗದಲ್ಲಿ ನಿಂತು ಅವನೇ ಫೋನ್ ಮಾಡಿ ಅಣ್ಣನನ್ನು ಕರೆದ!

ಮೀನು ಒಣಹಾಕುವ ಜಾಗದ ಹಿಂದೆ, ಮರಳಿನಲ್ಲಿ ದೋಣಿ ನಿಂತಿತ್ತು. ಎರಡು ಹಲಗೆ ಹಾಕಿದರು, ಹಲಗೆಯ ಮೇಲೆಲ್ಲ ಮೀನಿನ ಪೊರೆ ಅಂಟಿಕೊಂಡು ಜಾರುತ್ತಿತ್ತು. 195 ಕೆಜಿ ಗಾಡಿಯನ್ನು ನಾಲ್ಕು ಜನ ತಳ್ಳಿ ಹತ್ತಿಸಿದೆವು. ಕಟ್ಟಿದ್ದು ಹಳೇ ಬಲೆಯ ನೈಲಾನ್ ಹಗ್ಗದಿಂದ, ಅದೂ ಕ್ರ್ಯಾಶ್ ಗಾರ್ಡಿಗೆ ಒಂದೇ ಬದಿ. ಇನ್ನೊಂದು ಬದಿಗೂ ಕಟ್ಟಿ ಅಂದರೆ "ಕಾಳಜಿ ನಕೋ ದಾದಾ, ಹತ್ತು ನಿಮಿಷದ ಮಾತು" ಅಂದ.

ನಡುನೀರಿಗೆ ಬಂದ ಮೇಲೆ ದೋಣಿಯವನು ಎಂಜಿನ್ ಸದ್ದು ಇಳಿಸಿದ. ಕೆಟ್ಟಿತೇನೋ ಅಂದುಕೊಂಡೆ. ಇಲ್ಲ, ಲೆಕ್ಕ ಶುರು ಮಾಡಿದ. ಐನೂರು ಬರೀ ಗಾಡಿಗೆ, ಇಬ್ಬರು ಜನಕ್ಕೆ ಬೇರೆ, ಬ್ಯಾಗಿಗೆ ಬೇರೆ, ಡೀಸೆಲ್ ಜಾಸ್ತಿ ಆಗಿದೆ, ಒಟ್ಟು 1200. ಈಗಲೇ ಕೊಡಬೇಕಂತೆ. ಸುತ್ತ ನೀರು, ನನ್ನ ಗಾಡಿ ಅವನ ದೋಣಿಯಲ್ಲಿ, ತಮ್ಮನಿಗೆ ಈಜು ಬರಲ್ಲ. ಕೊಟ್ಟೆ. ಇಂಥ ಕಡೆ ಯಾರು ತಾನೇ ಕೊಡಲ್ಲ ಹೇಳಿ?

ಆಗ ಹಾರ್ನ್ ಕೇಳಿಸಿತು. ತಿರುಗಿ ನೋಡಿದರೆ ಫೆರಿ! ಬಂದ್ ಆಗಿದೆ ಅಂದ ಫೆರಿ. ಕಾರು, ಟೆಂಪೊ, ಒಂದು ಸಾಲು ಬೈಕು ತುಂಬಿಕೊಂಡು ನಮ್ಮ ಪಕ್ಕದಲ್ಲೇ ಹೋಗುತ್ತಿದೆ. ಮೇಲೆ ಕಂಬಿ ಹಿಡಿದು ನಿಂತ ಜನ ನಮ್ಮನ್ನೇ ನೋಡುತ್ತಿದ್ದಾರೆ, ಒಬ್ಬ ಹುಡುಗ ಮೊಬೈಲಲ್ಲಿ ವಿಡಿಯೊ ಮಾಡುತ್ತಿದ್ದಾನೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ದೋಣಿಯವನನ್ನು ನೋಡಿದೆ. ಅವನ ಮುಖದಲ್ಲಿ ಏನೂ ಇಲ್ಲ. "ಈಗ ರಿಪೇರಿ ಆಗಿರಬೇಕು" ಅಂದ. ಅಷ್ಟೇ. ಈಗ ರಿಪೇರಿ ಆಗಿರಬೇಕು!

ಬೈಯೋಣ ಅಂದರೆ ಅಷ್ಟರಲ್ಲಿ ಫೆರಿ ಎಬ್ಬಿಸಿದ ಅಲೆ ಬಂತು. ದೋಣಿ ಒಂದು ಕಡೆ ವಾಲಿತು, ಕಟ್ಟದೆ ಬಿಟ್ಟ ಬದಿಗೇ ಗಾಡಿ ಉರುಳಿತು. ಕ್ಲಚ್ ಲಿವರ್ ಮುರಿಯಿತು, ಟ್ಯಾಂಕ್ ನೆಗ್ಗಿತು, ಕ್ಯಾಪಿನಿಂದ ಪೆಟ್ರೋಲ್ ಸೋರಿ ದೋಣಿ ತಳದ ಉಪ್ಪುನೀರಿನ ಜೊತೆ ಬೆರೆಯಿತು. ಸೈಲೆನ್ಸರ್ ಬಾಯಿ ಆ ನೀರಲ್ಲೇ ಇತ್ತು. ತಮ್ಮನ ಮೊಣಕಾಲು ತರಚಿತು, ಕಾಲು ಗಾಡಿಯ ಅಡಿಗೆ ಸಿಗಲಿಲ್ಲ ಅನ್ನುವುದೇ ಪುಣ್ಯ.

ದಡಕ್ಕೆ ಬಂದು ಖರ್ಚು ಕೇಳಿದರೆ ಅವನ ಉತ್ತರ ಕೇಳಿ: "ಫೆರಿಯವನ ಅಲೆಗೆ ಬಿದ್ದಿದ್ದು, ಹೋಗಿ ಅವನನ್ನೇ ಕೇಳಿ." ದುಡ್ಡಾದರೂ ವಾಪಸ್ ಕೊಡು ಅಂದರೆ "ದಾಟಿಸಿದ್ದೇನಲ್ಲ, ನಿಮ್ಮನ್ನು ಮಧ್ಯದಲ್ಲಿ ಬಿಟ್ಟೆನಾ?" ಅಂದ. ಈ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಗಾಡಿ ತಳ್ಳಿಕೊಂಡು ಆ ದಡದ ಫೆರಿ ಕೌಂಟರಿಗೆ ಹೋದೆ. ಬೆಳಗ್ಗೆಯಿಂದ ಒಂದು ಸರದಿಯೂ ತಪ್ಪಿಲ್ಲ ಅಂದರು. ಬೈಕಿಗೆ ಒಂದು ಟಿಕೆಟ್, ಜನಕ್ಕೆ ಒಂದು ಟಿಕೆಟ್, ರೇಟು ಗೋಡೆಯ ಮೇಲೇ ಬರೆದಿದೆ. ಎಲ್ಲ ಸೇರಿದರೂ ನಾನು ಕೊಟ್ಟದ್ದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೂ ಮುಗಿದಿಲ್ಲ. ನನ್ನದು ಬರೀ ಥರ್ಡ್ ಪಾರ್ಟಿ ಅಲ್ಲ, ಫುಲ್ ಇನ್ಶೂರೆನ್ಸ್. ಗಾಡಿಯನ್ನು ರೈಲಿನಲ್ಲಿ, ಒಳನಾಡಿನ ಜಲಮಾರ್ಗದಲ್ಲಿ ಸಾಗಿಸುವಾಗ ಆದ ಹಾನಿಯೂ ಪಾಲಿಸಿಯಲ್ಲಿ ಸೇರಿದೆ, ನಿಮ್ಮ ಪಾಲಿಸಿ ತೆಗೆದು ನೋಡಿ, ಬರೆದಿರುತ್ತದೆ. ಆದರೆ ಹಾನಿ ನೋಡುವ ಇನ್ಶೂರೆನ್ಸ್ ಸರ್ವೇಯರ್ ಮೊದಲು ಕೇಳಿದ್ದೇ ಟಿಕೆಟ್. ಯಾವ ದೋಣಿ, ನೋಂದಣಿ ನಂಬರ್ ಏನು, ರಸೀದಿ ಎಲ್ಲಿ? ಆ ಸ್ಕೂಟರಿನವನಿಗೆ ಫೋನ್ ಮಾಡಿ ಒಂದು ಚೀಟಿಯಾದರೂ ಬರೆದುಕೊಡಪ್ಪಾ ಅಂದೆ. "ನಮ್ಮಲ್ಲಿ ಟಿಕೆಟ್ ಇಲ್ಲ ದಾದಾ, ಎಲ್ಲ ನಂಬಿಕೆ ಮೇಲೆ" ಅಂತ ಹೇಳಿ ಇಟ್ಟುಬಿಟ್ಟ. ಆಮೇಲೆ ನನ್ನ ನಂಬರ್ ಬ್ಲಾಕ್.

ಆದ್ದರಿಂದ, ದಾರಿಯಲ್ಲಿ ಯಾರು ಬಂದ್ ಅಂದರೂ ಗಾಡಿ ನಿಲ್ಲಿಸದೆ ನೇರ ಧಕ್ಕೆಗೆ ಹೋಗಿ, ಕೌಂಟರಿನಲ್ಲೇ ಕೇಳಿ. ನಿಜವಾಗಿ ಬಂದ್ ಇದ್ದರೆ ಹೆದ್ದಾರಿ ಸುತ್ತಿಕೊಂಡು ಹೋಗಿ, ರಾತ್ರಿ ಆದರೆ ಆಗಲಿ. ಫೆರಿಯಲ್ಲಿ ಕೂಡ ಗಾಡಿ ಗೇರಿನಲ್ಲಿ ಇಟ್ಟು ಪಕ್ಕದಲ್ಲೇ ನಿಲ್ಲಿ, ಫೋಟೊ ತೆಗೆಯಲು ಮೇಲೆ ಹತ್ತಬೇಡಿ. ಟಿಕೆಟ್ ಎಸೆಯಬೇಡಿ. ಗಾಡಿಗೆ ಉಪ್ಪುನೀರು ತಾಗಿದ್ದರೆ ಅವತ್ತೇ ಸಿಹಿನೀರಲ್ಲಿ ತೊಳೆಸಿ, ನನ್ನ ಸ್ಪೋಕುಗಳಿಗೆ ಊರು ಮುಟ್ಟುವ ಮೊದಲೇ ತುಕ್ಕು ಹಿಡಿದಿತ್ತು.

ದೋಣಿಯ ಒಂದು ಫೋಟೊ ತಮ್ಮನ ಫೋನಿನಲ್ಲಿದೆ. ಅದನ್ನು ಹಾಕಿ, ಅಲ್ಲಿನ ಬಂದರು, ಫೆರಿ ನೋಡಿಕೊಳ್ಳುವ ಮಹಾರಾಷ್ಟ್ರ ಮೆರಿಟೈಮ್ ಬೋರ್ಡಿಗೆ ದೂರು ಬರೆದಿದ್ದೇನೆ. ನಿಮಗೂ ಆ ಕಡೆ ಹೀಗೆ ಆಗಿದ್ದರೆ ಸುಮ್ನೆ ಬಿಡಬೇಡಿ, ನೀವೂ ಬರೆಯಿರಿ.