ಕಡಲೆದುರಿನ ಫ್ಲಾಟೋ, ಅಂಗಳದ ಮನೆಯೋ? ಹುವಾ ಹಿನ್‌ನಲ್ಲಿ ಎರಡರಲ್ಲೂ ಇದ್ದು ನೋಡಿದ್ದು

ನಾವಿಬ್ಬರೂ ಥಾಯ್ಲೆಂಡಿನ ಹುವಾ ಹಿನ್‌ಗೆ ಬಂದು ಮೂರು ವರ್ಷವಾಯಿತು. ಮೊದಲ 18 ತಿಂಗಳು ಕಡಲಿಗೆ ಎದುರಾಗಿರುವ ಏಳನೇ ಮಹಡಿಯ ಫ್ಲಾಟ್‌ನಲ್ಲಿದ್ದೆವು. ಆಮೇಲೆ ನಾಲ್ಕು ಕಿಲೋಮೀಟರ್ ಒಳಗಿರುವ, ಒಂದೇ ಅಂತಸ್ತಿನ ಅಂಗಳದ ಮನೆಗೆ ಬಂದೆವು. ನಿವೃತ್ತಿಯ ಮೇಲೆ ಇಲ್ಲಿ ಇರಬೇಕು ಅಂತ ಯೋಚಿಸುವವರೆಲ್ಲ ಮೊದಲು ಕೇಳುವುದು ಸಮುದ್ರ ಕಾಣುತ್ತಾ ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ, ಮನೆಯಲ್ಲಿ ಏನು ಕೆಡುತ್ತದೆ, ಕೆಟ್ಟಾಗ ಯಾರು ಬರುತ್ತಾರೆ ಅನ್ನುವುದನ್ನು ಮೊದಲು ನೋಡಿ ಅನ್ನುತ್ತೇನೆ.

ಊರಿನ ಲೆಕ್ಕ ಸುಲಭ. ಫೆಟ್‌ಕಸೆಮ್ ರಸ್ತೆ ಊರನ್ನು ಉದ್ದಕ್ಕೂ ಸೀಳುತ್ತದೆ. ಇಲ್ಲಿ ಅಡ್ಡರಸ್ತೆಗೆ ಸೋಯಿ ಅನ್ನುತ್ತಾರೆ. ಬೆಸ ಸಂಖ್ಯೆಯ ಸೋಯಿಗಳು ಕಡಲ ಕಡೆಗಿವೆ, ಸಮ ಸಂಖ್ಯೆಯವು ಗುಡ್ಡದ ಕಡೆಗೆ. ಬಾಡಿಗೆ ಜಾಹೀರಾತಿನಲ್ಲಿ ಸೋಯಿಯ ಸಂಖ್ಯೆ ನೋಡಿದರೆ ಸಾಕು, ಮನೆ ಯಾವ ಕಡೆ ಅಂತ ಗೊತ್ತಾಗುತ್ತದೆ. ಫ್ಲಾಟ್‌ಗೆ ತಿಂಗಳಿಗೆ 22,000 ಬಾಟ್ ಕೊಡುತ್ತಿದ್ದೆವು. ಈ ಮನೆಗೆ 18,000. ಎರಡಕ್ಕೂ ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಟ್ಟೆವು.

ಫ್ಲಾಟ್‌ನ ಸೊಗಸು ಬೆಳಗಿನ ಹೊತ್ತಿನದು. ಹುವಾ ಹಿನ್‌ನ ಕಡಲು ಪೂರ್ವಕ್ಕಿದೆ. ಆರು ಗಂಟೆಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತರೆ ಸೂರ್ಯ ನೀರಿನಿಂದಲೇ ಎದ್ದು ಬರುತ್ತಾನೆ. ಅಷ್ಟು ಹೊತ್ತಿಗೆ ಮೀನಿನ ದೋಣಿಗಳು ದಡಕ್ಕೆ ತಿರುಗಿರುತ್ತವೆ. ಆ 18 ತಿಂಗಳಲ್ಲಿ ಒಂದು ದಿನವೂ ಅದು ಬೇಸರ ಅನ್ನಿಸಲಿಲ್ಲ.

ಆದರೆ ಅದೇ ಗಾಳಿಯಲ್ಲಿ ಉಪ್ಪೂ ಬರುತ್ತದೆ. ಎರಡನೇ ತಿಂಗಳಿಗೇ ಬಾಲ್ಕನಿಯ ಗಾಜಿನ ಬಾಗಿಲು ಸರಿಯುವುದು ನಿಂತಿತು. "ನೋಡೇ, ಮತ್ತೆ ಕಚ್ಚಿಕೊಂಡಿದೆ" ಅಂತ ನಮ್ಮನೆಯವರು ಭುಜ ಕೊಟ್ಟು ತಳ್ಳುತ್ತಿದ್ದರು. ರಿಪೇರಿಯವನು ಬಾಗಿಲನ್ನು ಎತ್ತಿ ತೆಗೆದು ಕೆಳಗಿನ ಚಕ್ರ ತೋರಿಸಿದ. ಚಕ್ರ ಅನ್ನುವಂಥದ್ದೇ ಉಳಿದಿರಲಿಲ್ಲ. ಕಂದು ಬಣ್ಣದ ಪುಡಿ, ಅದರ ನಡುವೆ ಒಂದು ಕಡ್ಡಿ. ಮುಟ್ಟಿದರೆ ಉದುರುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲ್ ಅಂತ ಹಾಕಿದ್ದ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೂ ಚಹಾ ಬಣ್ಣದ ಚುಕ್ಕೆ ಎದ್ದಿತ್ತು. ಸಾಮಾನ್ಯವಾಗಿ ಸಿಗುವುದು 304 ದರ್ಜೆಯ ಉಕ್ಕು. ಉಪ್ಪುಗಾಳಿ ತಡೆಯಲು ಮಾಲಿಬ್ಡಿನಮ್ ಬೆರೆತ 316 ಬೇಕು. ಅದಕ್ಕೂ ವಾರಕ್ಕೊಮ್ಮೆ ಸಿಹಿನೀರು ಹಾಕಿ ಒರೆಸಬೇಕು. ಎಸಿಯ ಹೊರಗಿನ ಯೂನಿಟ್ ಬಾಲ್ಕನಿಯಲ್ಲೇ ಇತ್ತು. ಅದರ ಅಲ್ಯೂಮಿನಿಯಂ ಎಲೆಗಳು ಬೆರಳು ತಾಗಿದರೆ ಪುಡಿಯಾಗುತ್ತಿದ್ದವು. ಕತ್ತರಿ, ಲ್ಯಾಪ್‌ಟಾಪಿನ ಚಾರ್ಜರ್ ತೂತು, ಸೂಟ್‌ಕೇಸಿನ ಜಿಪ್, ಎಲ್ಲದಕ್ಕೂ ಅದೇ ಗತಿ.

ಅಂಗಳದ ಮನೆಯಲ್ಲಿ ಇದ್ಯಾವುದೂ ಇಲ್ಲ. ದಡದಿಂದ ಕೆಲವು ನೂರು ಮೀಟರ್ ಒಳಗೆ ಬಂದರೇ ಗಾಳಿಯ ಉಪ್ಪು ತುಂಬಾ ಇಳಿದುಬಿಡುತ್ತದೆ. ತೇವ ಮಾತ್ರ ಎರಡೂ ಕಡೆ ಒಂದೇ. ಚರ್ಮದ ಚಪ್ಪಲಿಗೆ ಇಲ್ಲೂ ಬೂಸ್ಟು ಬರುತ್ತದೆ.

ಮಳೆಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಈ ಕಡೆ ಜೋರು ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ಫ್ಲಾಟ್‌ನಲ್ಲಿ ಒಂದು ರಾತ್ರಿ ಗಾಳಿ ನೇರ ಕಡಲಿನಿಂದ ಬೀಸಿತು. ನೀರು ಬಾಗಿಲ ಕೆಳಗಿಂದ ನುಗ್ಗಿ ಹಾಲ್‌ಗೆ ಬಂತು. ಮನೆಯಲ್ಲಿದ್ದ ಟವೆಲ್ ಎಲ್ಲ ಹಾಸಿ, ಹಿಂಡಿ, ಮತ್ತೆ ಹಾಸಿ, ಬೆಳಗಿನ ನಾಲ್ಕರವರೆಗೆ ಕೂತಿದ್ದೆವು. ಈ ಮನೆಯಲ್ಲಿ ಮಳೆ ಅಂದರೆ ಬೇರೆ ಕೆಲಸ. ಚರಂಡಿ ಕಟ್ಟದಂತೆ ಎಲೆ ತೆಗೆಯಬೇಕು. ಹೂಕುಂಡದ ತಟ್ಟೆ, ಬಕೆಟ್, ತೆಂಗಿನ ಚಿಪ್ಪು, ನೀರು ನಿಲ್ಲುವ ಪ್ರತಿಯೊಂದನ್ನೂ ಕವುಚಿ ಹಾಕಬೇಕು. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ನಿಂತ ನೀರಲ್ಲೇ ಮೊಟ್ಟೆಯಿಡುತ್ತದೆ. ಏಳನೇ ಮಹಡಿಯಲ್ಲಿ ನಮಗೆ ಸೊಳ್ಳೆ ಕಾಣಿಸಿದ್ದೇ ಅಪರೂಪ. ಇಲ್ಲಿ ಪ್ರತಿ ಭಾನುವಾರ ಅಂಗಳ ಸುತ್ತುವುದನ್ನು ನಾನು ತಪ್ಪಿಸುವುದಿಲ್ಲ.

ಕರೆಂಟಿನ ವಿಷಯ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ಫ್ಲಾಟ್‌ನ ಮಾಲೀಕರು ಯೂನಿಟ್‌ಗೆ 7 ಬಾಟ್ ಹಾಕುತ್ತಿದ್ದರು. ಇಲ್ಲಿ ಪ್ರಾಂತೀಯ ವಿದ್ಯುತ್ ಪ್ರಾಧಿಕಾರದ ಬಿಲ್ ನೇರವಾಗಿ ಮನೆಗೇ ಬರುತ್ತದೆ, ಯೂನಿಟ್‌ಗೆ 4 ಬಾಟ್ ಆಸುಪಾಸು. ಬಿಲ್ಲಿನ ಬಾರ್‌ಕೋಡ್ ತೋರಿಸಿ 7-ಇಲೆವೆನ್ ಅಂಗಡಿಯಲ್ಲೇ ಕಟ್ಟಬಹುದು. ಫ್ಲಾಟ್‌ನಲ್ಲಿ 310 ಯೂನಿಟ್‌ಗೆ 2,170 ಬಾಟ್ ಕೊಟ್ಟ ನಾವು, ಇಲ್ಲಿ 420 ಯೂನಿಟ್ ಸುಟ್ಟರೂ 1,800ರ ಹತ್ತಿರ ಕೊಡುತ್ತೇವೆ. ಯೂನಿಟ್ ಜಾಸ್ತಿ ಆಗುವುದಕ್ಕೆ ಕಾರಣ ಚಾವಣಿ. ಮಧ್ಯಾಹ್ನದ ಹೊತ್ತಿಗೆ ಹೆಂಚು ಕಾದು, ಮಲಗುವ ಕೋಣೆಗೆ ರಾತ್ರಿ ಹತ್ತರವರೆಗೂ ಶಾಖ ಇಳಿಯುತ್ತಲೇ ಇರುತ್ತದೆ.

ಅಡುಗೆಗೆ ಈ ಮನೆಯೇ ಸರಿ. ನಮ್ಮ ಕಟ್ಟಡದಲ್ಲಿ ಗ್ಯಾಸ್ ಸಿಲಿಂಡರ್ ಇಡುವಂತಿರಲಿಲ್ಲ, ಇಂಡಕ್ಷನ್ ಒಲೆಯೇ ಗತಿ. ಇಲ್ಲಿ 15 ಕೆಜಿಯ ಸಿಲಿಂಡರ್ ಬಾಗಿಲಿಗೇ ಬರುತ್ತದೆ. ನಲ್ಲಿ ನೀರನ್ನು ಎಲ್ಲೂ ಕುಡಿಯುವುದಿಲ್ಲ. ಫ್ಲಾಟ್‌ನಲ್ಲಿದ್ದಾಗ ಕೆಳಗಿನ ನಾಣ್ಯದ ಯಂತ್ರದಿಂದ ಲೀಟರಿಗೆ ಒಂದು ಬಾಟಿನಂತೆ ಹಿಡಿದು ಮೇಲೆ ಹೊರುತ್ತಿದ್ದೆವು. ಈಗ 20 ಲೀಟರಿನ ಕ್ಯಾನ್‌ಗಳನ್ನು ಗಾಡಿಯವನು ಗೇಟಿನೊಳಗೆ ಇಟ್ಟು ಹೋಗುತ್ತಾನೆ. ಹಬ್ಬ, ರಜೆಯ ದಿನಗಳಲ್ಲಿ ನಲ್ಲಿಯ ನೀರು ಸಣ್ಣಗಾಗುತ್ತದೆ. ಅಂಗಳದಲ್ಲಿ ಸ್ವಂತ ಟ್ಯಾಂಕು, ಪಂಪು ಇರುವುದರಿಂದ ನಮಗೆ ತೊಂದರೆಯಾಗಿಲ್ಲ.

ಓಡಾಟದಲ್ಲಿ ಫ್ಲಾಟ್ ಗೆಲ್ಲುತ್ತದೆ. ಇಳಿದರೆ ಮುಖ್ಯ ರಸ್ತೆ, ಹಸಿರು ಸಾಂಗ್‌ಥ್ಯೋ (ಹಿಂದೆ ಬೆಂಚು ಹಾಕಿದ ಶೇರ್ ಗಾಡಿ) ಬರುತ್ತದೆ, ಕೈ ಎತ್ತಿ ಹತ್ತಿದರಾಯಿತು. ಇಲ್ಲಿ ಸ್ವಂತ ಗಾಡಿಯಿಲ್ಲದೆ ದಿನ ಹೋಗುವುದಿಲ್ಲ. ಥಾಯ್ ಲೈಸೆನ್ಸ್ ಮೊದಲು ಎರಡು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೆ ಸಿಗುತ್ತದೆ. ಕತ್ತಲಾದ ಮೇಲೆ ಸೋಯಿಯ ನಾಯಿಗಳು ಗುಂಪಾಗಿ ಸ್ಕೂಟರ್ ಹಿಂದೆ ಬೀಳುತ್ತವೆ. ನಾವಿಬ್ಬರೂ ರೇಬಿಸ್ ಚುಚ್ಚುಮದ್ದನ್ನು ಮುಂಚಿತವಾಗಿಯೇ ಹಾಕಿಸಿಕೊಂಡೆವು. ಕಚ್ಚಿದರೆ ಆಮೇಲೂ ಹಾಕಿಸಿಕೊಳ್ಳಲೇಬೇಕು, ಆದರೆ ಡೋಸ್ ಕಡಿಮೆ ಸಾಕು.

ಕಾಗದಪತ್ರದ ಮಾತು ಸ್ವಲ್ಪ ಉದ್ದ, ಆದರೆ ಮನೆಯ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. 50 ದಾಟಿದವರಿಗೆ ನಿವೃತ್ತಿಯ ಆಧಾರದ ಮೇಲೆ ವರ್ಷಕ್ಕೊಮ್ಮೆ ವಾಸದ ಅವಧಿ ಮುಂದುವರಿಸುತ್ತಾರೆ, ಅದಕ್ಕೆ ಶುಲ್ಕ 1,900 ಬಾಟ್. ತಿಂಗಳಿಗೆ 65,000 ಬಾಟ್ ಆದಾಯ ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾಟ್ ಇರಬೇಕು. ಆ ಹಣ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ, ಮಂಜೂರಾದ ಮೇಲೆ ಮೂರು ತಿಂಗಳವರೆಗೆ ಅಲುಗಾಡಬಾರದು. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಜೊತೆಗೆ ಪ್ರತಿ 90 ದಿನಕ್ಕೆ ವಿಳಾಸ ವರದಿ ಮಾಡಬೇಕು.

ಇನ್ನೊಂದು ಟಿಎಂ 30. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮನೆಯ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕಾದ ನಮೂನೆ ಇದು. ಫ್ಲಾಟ್‌ನಲ್ಲಿ ಕಟ್ಟಡದ ಆಫೀಸಿನವರೇ ಅದನ್ನು ಮಾಡಿ ರಸೀದಿ ಕೈಗಿಡುತ್ತಿದ್ದರು. ಈ ಮನೆಯ ಮಾಲೀಕರಿಗೆ ಅದರ ಅಭ್ಯಾಸವೇ ಇರಲಿಲ್ಲ. ನಮ್ಮ ಅರ್ಜಿ ಕೌಂಟರಿನಲ್ಲೇ ನಿಂತಿತು, ಎರಡು ದಿನ ಓಡಾಡಿದೆವು. ಬಾಡಿಗೆ ಮಾತಾಡುವಾಗಲೇ ಇದನ್ನು ಬರೆಸಿಕೊಳ್ಳಿ, ದಯವಿಟ್ಟು.

ಕೊಳ್ಳುವ ಯೋಚನೆ ಇದ್ದರೆ ದಾರಿ ಒಂದೇ. ಒಂದು ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇ 49ರವರೆಗೆ ವಿದೇಶಿಯರು ಫ್ಲಾಟ್ ಕೊಳ್ಳಬಹುದು. ಅಂಗಳದ ಮನೆಯ ನೆಲವನ್ನು ನಮ್ಮ ಹೆಸರಿಗೆ ಮಾಡಿಕೊಡುವುದಿಲ್ಲ, ಹೆಚ್ಚೆಂದರೆ 30 ವರ್ಷದ ಗುತ್ತಿಗೆ. ಬೇರೆಯವರ ಹೆಸರಲ್ಲಿ ಮಾಡಿಸೋಣ ಅನ್ನುವವರ ಮಾತಿಗೆ ಬೀಳಬೇಡಿ. ನನ್ನ ಕೇಳಿದರೆ, ಎರಡು ಮಳೆಗಾಲ ಕಳೆಯುವವರೆಗೆ ಬಾಡಿಗೆಯೇ ಇರಲಿ.

ನಮ್ಮನ್ನು ಫ್ಲಾಟ್‌ನಿಂದ ಎಬ್ಬಿಸಿದ್ದು ಲಿಫ್ಟು. ಒಂದು ಸಂಜೆ ಕರೆಂಟ್ ಹೋಗಿ ಲಿಫ್ಟ್ ನಿಂತಿತು. ನಮ್ಮನೆಯವರ ಬಲಮೊಣಕಾಲು ಆ ವಾರ ಊದಿಕೊಂಡಿತ್ತು. ಕೆಳಗಿನ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂತೆವು. "ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಇವರನ್ನು ಇಳಿಸುವುದು ಹೇಗಿತ್ತು?" ಅನ್ನುವ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಡಲಿಲ್ಲ. ಶುಕ್ರವಾರ ಬಂತೆಂದರೆ ಬ್ಯಾಂಕಾಕ್‌ನಿಂದ ಬಂದವರು ಅಕ್ಕಪಕ್ಕದ ಫ್ಲಾಟ್ ತುಂಬುತ್ತಿದ್ದರು. ಭಾನುವಾರ ಹೊರಟುಹೋಗುತ್ತಿದ್ದರು. ಆ ಮಹಡಿಯಲ್ಲಿ ನಮ್ಮ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ.

ಇಲ್ಲಿ ಪಕ್ಕದ ಮನೆಯ ಹಿರಿಯರಿದ್ದಾರೆ. ನಾವು ಅವರನ್ನು ಲುಂಗ್ ಅನ್ನುತ್ತೇವೆ, ದೊಡ್ಡಪ್ಪ ಅಂದ ಹಾಗೆ. ಅವರ ಹೆಂಡತಿ ಪಾ, ದೊಡ್ಡಮ್ಮ. ಬೆಳಗ್ಗೆ ಎಂಟಾದರೂ ನಮ್ಮ ಗೇಟು ತೆರೆಯದಿದ್ದರೆ ಪಾ ಬಂದು ಕೂಗುತ್ತಾರೆ. ಆಂಬುಲೆನ್ಸ್ ಸಂಖ್ಯೆ 1669. ಆದರೆ ಸೋಯಿಯೊಳಗಿನ ಈ ಮನೆಯನ್ನು ಫೋನಿನಲ್ಲಿ ಥಾಯ್ ಭಾಷೆಯಲ್ಲಿ ವಿವರಿಸುವುದು ನಮ್ಮಿಂದಾಗದು. ಅದಕ್ಕೆ ಲುಂಗ್ ತಾವೇ ಒಂದು ಹಾಳೆಯಲ್ಲಿ ದಾರಿ ಬರೆದುಕೊಟ್ಟಿದ್ದಾರೆ. ತಿರುವಿನ ದೇವಸ್ಥಾನ, ನೀಲಿ ನೀರಿನ ಟ್ಯಾಂಕು, ಎಡಗಡೆ ಮೂರನೇ ಗೇಟು, ಕೆಳಗೆ ಅವರದೇ ಫೋನ್ ನಂಬರ್. ಹಾಳೆ ಫ್ರಿಜ್ಜಿನ ಮೇಲಿದೆ.

ಗಾಡಿ ಓಡಿಸಲು ಆಗದವರಿಗೆ, ಒಬ್ಬರೇ ಇರುವವರಿಗೆ, ಮೊದಲ ವರ್ಷದವರಿಗೆ ಫ್ಲಾಟೇ ಒಳ್ಳೆಯದು. ಮೂರನೇ ಮಹಡಿಯ ಒಳಗೇ ನೋಡಿ, ಕಡಲಿನಿಂದ ಎರಡು ಸಾಲು ಹಿಂದಿರಲಿ. ನಾವು ಈ ಮನೆಯ ಕರಾರನ್ನು ಮತ್ತೆ ಎರಡು ವರ್ಷಕ್ಕೆ ಬರೆಸಿದ್ದೇವೆ. ವಾರದಲ್ಲಿ ಮೂರು ದಿನ ಐದೂವರೆಗೆ ಸ್ಕೂಟರ್ ತೆಗೆದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಖಾವ್ ತಕಿಯಾಬ್ ಕಡೆಯ ದಂಡೆಗೆ ಹೋಗುತ್ತೇವೆ. ಎಂಟರೊಳಗೆ ವಾಪಸ್ ಬರುತ್ತೇವೆ, ಪಾ ಕೂಗುವ ಮೊದಲು.